ಪಾರ್ವತವ್ವನ ಬಾಯಿ ಮುಚ್ಚಿಸಿದ ಎಂಟು ತಿಂಗಳು

ನಿವೃತ್ತಳಾಗಿ ಎರಡು ವರ್ಷವಾದರೂ ಕೊಲ್ಹಾಪುರದ ಪೇಟೆಯಲ್ಲಿ ಯಾರಾದರೂ ನನ್ನ ಗುರುತು ಹಿಡಿದರೆಂದರೆ ಮುಗಿಯಿತು. ನಮಸ್ಕಾರಕ್ಕಿಂತ ಮೊದಲು ಪಕ್ಕದಲ್ಲಿರುವ ಮಗುವಿನ ಗಲ್ಲ ಹಿಡಿದು, "ಆ ಅನ್ನು, ಬಾಯಾರಿಗೆ ನಾಲಿಗಿ ತೋರ್ಸು" ಎನ್ನುತ್ತಾರೆ. ಬಾಯಾರು ಅಂದರೆ ನಮ್ಮ ಕಡೆ ಮ್ಯಾಡಮ್. ಒಂದು ಕೈಯಲ್ಲಿ ಕಾಯಿಪಲ್ಯದ ಚೀಲ, ಇನ್ನೊಂದರಲ್ಲಿ ಛತ್ರಿ, ಹಿಂದಿನಿಂದ ರಿಕ್ಷಾದವನ ಹಾರ್ನು. ಹೀಗೆ ನಡುರಸ್ತೆಯಲ್ಲಿ ನಿಂತು ಎಷ್ಟು ನಾಲಿಗೆ ನೋಡಿದ್ದೇನೋ ದೇವರೇ ಬಲ್ಲ. ನೋಡಿದ ನಾಲಿಗೆಗಳಲ್ಲಿ ಹೆಚ್ಚಿನವು ನೆಟ್ಟಗೇ ಇದ್ದವು. ಮಗು ಮಾತಾಡದಿದ್ದರೆ ತಪ್ಪು ನಾಲಿಗೆಯದೇ ಇರಬೇಕು, ಅದರ ಕೆಳಗಿನ ನರ ಕತ್ತರಿಸಿದರೆ ಪಟಪಟ ಮಾತು ಉದುರಬೇಕು ಎಂದು ನಮ್ಮ ಜನ ನಂಬಿದ್ದಾರೆ. ಅವರನ್ನು ನೋಡಿ ನಗುವುದೇನು, ಸ್ಪೀಚ್ ಥೆರಪಿಸ್ಟ್ ಎಂದು ಬೋರ್ಡು ಹಾಕಿಕೊಂಡಿದ್ದ ನಾನೇ ಅದಕ್ಕಿಂತ ದೊಡ್ಡ ಮೂರ್ಖತನ ಮಾಡಿದ್ದೇನೆ.

ಮೊನ್ನೆ ನಮ್ಮ ಹಳೆಯ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ನೀವು ಗೆದ್ದ ಕೇಸುಗಳನ್ನು ಬರೆದುಕೊಡಿ ಮ್ಯಾಡಮ್, ನಮಗೆ ದಾರಿಯಾಗುತ್ತದೆ ಎಂದರು. ಗೆದ್ದ ಕೇಸುಗಳಿಂದ ಏನು ಕಲಿಯುತ್ತೀರವ್ವಾ? ಗೆದ್ದಾಗ ಗೆದ್ದದ್ದು ಮಗುವೋ, ತಾಯಿಯೋ, ಕಾಲವೋ ಗೊತ್ತೇ ಆಗುವುದಿಲ್ಲ. ತಪ್ಪು ಮಾಡಿದಾಗ ಮಾತ್ರ ಮಾಡಿದವರು ಯಾರೆಂದು ಸ್ಪಷ್ಟವಾಗಿ ತಿಳಿಯುತ್ತದೆ. ಅದಕ್ಕೇ ಇಲ್ಲಿ ನನ್ನ ತಪ್ಪನ್ನೇ ಬರೆಯುತ್ತೇನೆ.

ನನ್ನ ವಾರ ಹೀಗಿತ್ತು. ನಾಲ್ಕು ದಿನ ಕೊಲ್ಹಾಪುರದ ಕೇಂದ್ರದಲ್ಲಿ, ಮಂಗಳವಾರ ಇಚಲಕರಂಜಿ, ಗುರುವಾರ ಗಡಹಿಂಗ್ಲಜ. ಹೋಗುವುದು ಸರಕಾರಿ ಎಸ್‌ಟಿ ಬಸ್ಸಿನಲ್ಲಿ, ಹೆಗಲಿಗೆ ಒಂದು ಚೀಲ. ಚೀಲದಲ್ಲಿ ಕನ್ನಡಿ, ಊದುವ ಪೀಪಿ, ನವಿಲುಗರಿ, ಚಿತ್ರದ ಕಾರ್ಡುಗಳು. ಆ ಕಾರ್ಡುಗಳನ್ನು ಯಾವ ಪುಣ್ಯಾತ್ಮ ಮಾಡಿದ್ದನೋ, ಹಿಮದ ಮನುಷ್ಯ, ಜಿರಾಫೆ, ಸೂಟು ಹಾಕಿಕೊಂಡು ಬ್ರೀಫ್‌ಕೇಸ್ ಹಿಡಿದ ಅಪ್ಪ! ಇಚಲಕರಂಜಿಯ ಮಗ್ಗದ ಮನೆಯ ಒಬ್ಬ ಹುಡುಗ ಆ ಅಪ್ಪನ ಚಿತ್ರ ನೋಡಿ ಹೆದರಿ ತಾಯಿಯ ಹಿಂದೆ ಅಡಗಿಕೊಂಡಿದ್ದ. ಇಂಜೆಕ್ಷನ್ ಕೊಡುವ ಡಾಕ್ಟರ್ ಎಂದು ತಿಳಿದಿದ್ದನಂತೆ. "ಮಗುವಿಗೆ ಚಿತ್ರ ಗುರುತಿಸಲು ಬರುವುದಿಲ್ಲ" ಎಂದು ನಾನು ಬರೆದುಕೊಂಡಿದ್ದೆ.

ಅದೇ ಹುಡುಗನ ಇನ್ನೊಂದು ಸಂಗತಿ ಹೇಳಲೇಬೇಕು. ಆತ ಮಾತಾಡಿದರೆ ಕಿರುಚಾಟ. ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡಿ ಎಂದು ತಾಯಿಗೆ ಉಪದೇಶ ಮಾಡಿದೆ. ಆಕೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಬಾಯಾರ, ನಮ್ಮ ಮನ್ಯಾಗ ಎಂಟು ಮಗ್ಗ ಹಗಲೆಲ್ಲಾ ಖಡಾಖಡ್ ಅಂತಾವ. ಮೆಲ್ಲಕ ಮಾತಾಡಿದ್ರ ದೇವರಿಗೂ ಕೇಳೂದಿಲ್ರಿ. ಒಮ್ಮೆ ಬಂದ್ ನೋಡ್ರಿ, ಆಮ್ಯಾಲ ಹೇಳ್ರಿ."

ಹೋಗಿ ನೋಡಿದೆ. ಐದು ನಿಮಿಷದಲ್ಲಿ ನಾನೂ ಕಿರುಚುತ್ತಿದ್ದೆ. ಆಮೇಲೆ ಮಗ್ಗ ನಿಲ್ಲುವ ರಜೆಯ ದಿನವನ್ನೇ ಆ ಹುಡುಗನ ಮಾತಿನ ದಿನ ಮಾಡಿದೆವು. ಬಹಳ ಚೆನ್ನಾಗಿ ಸುಧಾರಿಸಿದ. ಮನೆ ನೋಡದೆ ಸಲಹೆ ಕೊಡಬಾರದೆಂದು ಅವತ್ತೇ ನಾನು ಕಲಿಯಬೇಕಿತ್ತು. ಕಲಿತೆನೆಂದು ತಿಳಿದುಕೊಂಡಿದ್ದೆ, ಅಷ್ಟೇ.

ನಮ್ಮ ಕೇಂದ್ರದ ಮುಖ್ಯಸ್ಥರು ಮರಾಠಿ ಮಾತಾಡುವ ಹಿರಿಯ ಡಾಕ್ಟರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಇಸ್ತ್ರಿ ಮುರಿಯದ ಅಂಗಿ, ಕೊರಳಲ್ಲಿ ಸ್ಟಾಪ್‌ವಾಚ್. ಪ್ರಶ್ನೆ ಕೇಳಿ ಮಗುವಿಗೆ ಹತ್ತು ಎಣಿಸುವಷ್ಟು ಹೊತ್ತು ಕೊಡಬೇಕು, ನಡುವೆ ಬಾಯಿ ಹಾಕಬಾರದು ಎಂದು ನನಗೆ ಕಲಿಸಿದವರು ಅವರೇ. ಈ ವೃತ್ತಿಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ವಿದ್ಯೆ ಅದು. ಇನ್ನೊಂದು ನಿಯಮವನ್ನೂ ಅವರೇ ಕಲಿಸಿದ್ದರು. ಮಾತು ತಡವಾದ ಮಗುವಿಗೆ ಒಂದೇ ಭಾಷೆ. ಎರಡು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ, ಶಾಲೆ ಮರಾಠಿಯದು, ಆದ್ದರಿಂದ ಮನೆಯಲ್ಲಿ ಮರಾಠಿ ಮಾತ್ರ. ಅವರೂ ಅದನ್ನು ತಮ್ಮ ಗುರುಗಳಿಂದ ಕಲಿತವರು. ಆ ಕಾಲದಲ್ಲಿ ಹಾಗೆ ಹೇಳುವವರು ಊರತುಂಬ ಇದ್ದರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಗಡಹಿಂಗ್ಲಜದ ನನ್ನ ಗುರುವಾರದ ಕೋಣೆಗೆ ಒಂದು ದಿನ ಮಲ್ಲಪ್ಪ ಮತ್ತು ಸುನಂದಾ ಎಂಬ ಗಂಡಹೆಂಡತಿ ಮೂರು ವರ್ಷದ ಮಗಳನ್ನು ಕರೆತಂದರು. ಮಗುವಿನ ಹೆಸರು ಶ್ರಾವಣಿ. ಮಲ್ಲಪ್ಪನದು ವೆಲ್ಡಿಂಗ್ ಅಂಗಡಿ, ಗ್ರಿಲ್ಲು ಗೇಟು ಮಾಡುತ್ತಿದ್ದ. ಸುನಂದಾ ಒಂದು ಹೊಲಿಗೆಯ ಅಂಗಡಿಯಲ್ಲಿ ದಿನವಿಡೀ ಬ್ಲೌಸು ಹೊಲಿಯುತ್ತಿದ್ದಳು. ಮಗುವನ್ನು ನೋಡಿಕೊಳ್ಳುವುದು ಮಲ್ಲಪ್ಪನ ತಾಯಿ ಪಾರ್ವತವ್ವ. ಮನೆಮಾತು ಕನ್ನಡ. ಶ್ರಾವಣಿಯ ಕಿವಿ ಪರೀಕ್ಷೆ ಮಾಡಿಸಿದೆವು, ಸರಿಯಾಗಿತ್ತು. ಹೇಳಿದ್ದು ತಿಳಿಯುತ್ತಿತ್ತು, ಕಣ್ಣಲ್ಲಿ ತುಂಟತನವಿತ್ತು. ಆದರೆ ಬಾಯಿಂದ ಬರುತ್ತಿದ್ದುದು ಮೂರೇ ಶಬ್ದ. ನೀರಿಗೆ "ಈ", ಎಮ್ಮೆಗೆ "ಬಾ", ಅಜ್ಜಿಗೆ "ಆಯಿ". ಆ ಕಡೆ ಕನ್ನಡದ ಮನೆಗಳಲ್ಲಿ ಅಜ್ಜಿಯನ್ನು ಆಯಿ ಎನ್ನುತ್ತಾರೆ.

ನಾನು ಸಾಹೇಬರ ನಿಯಮವನ್ನು ಅವರ ಮುಂದಿಟ್ಟೆ. ಹೇಳಿದ್ದು ಕನ್ನಡದಲ್ಲೇ! "ನೋಡ್ರಿ, ಇವತ್ತಿನಿಂದ ಮನ್ಯಾಗ ಕನ್ನಡ ಬಂದ್. ಎಲ್ಲಾರೂ ಮರಾಠಿನ ಮಾತಾಡ್ರಿ. ಕೂಸಿನ ಕಿವಿಗೆ ಕನ್ನಡ ಬೀಳಬಾರದು."

"ನಮ್ಮವ್ವಗ ಮರಾಠಿ ಅಷ್ಟ ಬರೂದಿಲ್ರಿ" ಎಂದ ಮಲ್ಲಪ್ಪ.

"ಬರದಿದ್ರ ಸುಮ್ನ ಇರ್ಲಿ. ಕೂಸಿನ ಸಲುವಾಗಿ ಅಷ್ಟೂ ಮಾಡಾಕ ಆಗೂದಿಲ್ಲೇನ?" ಎಂದೆ ನಾನು.

ಈ ವಾಕ್ಯವನ್ನು ಬರೆಯುವಾಗ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ.

ಎಂಟು ತಿಂಗಳು ಪ್ರತಿ ಗುರುವಾರ ಶ್ರಾವಣಿ ಬಂದಳು. ಕನ್ನಡಿಯ ಮುಂದೆ ಕೂರಿಸಿದೆ, ಪೀಪಿ ಊದಿಸಿದೆ, ನವಿಲುಗರಿ ಹಾರಿಸಿದೆ. ಮಾತು ಹೆಚ್ಚುವುದಿರಲಿ, ಇದ್ದ ಮೂರೂ ಹೋದವು. ಆಯಿ ಎನ್ನುವುದನ್ನೂ ಬಿಟ್ಟಳು. ಮೊದಲು ನನ್ನ ಚೀಲಕ್ಕೇ ಕೈ ಹಾಕುತ್ತಿದ್ದ ಹುಡುಗಿ ಗೋಡೆಗೆ ಆತು ಕೂರತೊಡಗಿದಳು. ನಾನು ಫೈಲಿನಲ್ಲಿ ಬರೆದದ್ದು ಏನು ಗೊತ್ತೇ? "ಪ್ರಗತಿ ಇಲ್ಲ. ಮನೆಯವರ ಸಹಕಾರ ಕಡಿಮೆ." ಎಷ್ಟು ಸಲೀಸು ನೋಡಿ.

ಸಾಹೇಬರು ಆ ಫೈಲು ನೋಡಿ, ಮಾತು ಬಾರದ ಮಕ್ಕಳಿಗಾಗಿಯೇ ಇದ್ದ ಒಂದು ವಸತಿ ಶಾಲೆಗೆ ಸೇರಿಸುವುದು ಒಳ್ಳೆಯದು ಎಂದರು. ಅದು ಗಡಹಿಂಗ್ಲಜದಿಂದ ಬಹಳ ದೂರ. ಮಗುವನ್ನು ಅಲ್ಲೇ ಬಿಡಬೇಕು, ಮನೆಗೆ ಬರುವುದು ರಜೆಯಲ್ಲಿ ಮಾತ್ರ. ಮಲ್ಲಪ್ಪ ಒಪ್ಪಿಕೊಂಡ. ಅವನಿಗೆ ಮಗಳ ಮೇಲೆ ಪ್ರೀತಿಯಿಲ್ಲವೆಂದಲ್ಲ. "ಬಾಯಾರ, ನಾವು ಹ್ವಾದ ಮ್ಯಾಲ ಆಕಿ ಗತಿ ಏನ್ರಿ? ದೂರ ಇದ್ರೂ ಅಡ್ಡಿಯಿಲ್ಲ, ನಾಕ ಅಕ್ಷರ ಕಲೀಲಿ" ಎಂದು ಕಣ್ಣೊರೆಸಿಕೊಂಡ. ಅರ್ಜಿಗೆ ಸಾಹೇಬರ ಸಹಿ ಬೇಕಿತ್ತು, ಅದಕ್ಕೂ ಮೊದಲು ನನ್ನ ಮನೆ ಭೇಟಿಯ ವರದಿ. ಆ ಕಾಲಂ ಖಾಲಿಯಿತ್ತು. ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಮನೆಗೆ ಎಂಟು ತಿಂಗಳಲ್ಲಿ ಒಮ್ಮೆಯೂ ನಾನು ಹೋಗಿರಲಿಲ್ಲ. ಬಸ್ಸು ತಪ್ಪುತ್ತದೆ ಎಂಬುದು ನನ್ನ ನೆವ.

ಒಂದು ಗುರುವಾರ ಬೆಳಿಗ್ಗೆ ಹೋದೆ. ಬಾಗಿಲು ತೆರೆದೇ ಇತ್ತು. ಸುನಂದಾ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು. ಅಡುಗೆಮನೆಯಲ್ಲಿ ಪಾರ್ವತವ್ವ ಜೋಳದ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಶ್ರಾವಣಿ ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ, ಬಾಗಿಲಲ್ಲೇ ನಿಂತೆ.

ಅಜ್ಜಿ ಗದ್ದ ಎತ್ತಿ ತೋರಿಸಿದರೆ ಮಗು ನೀರಿನ ತಂಬಿಗೆ ಸರಿಸುತ್ತಿತ್ತು. ಮಗು ನೆಲಕ್ಕೆ ಎರಡು ಸಲ ಬೆರಳು ಬಡಿದರೆ ಅಜ್ಜಿ ಒಂದು ಚಿಟಿಕೆ ಹಿಟ್ಟು ಅದರ ಅಂಗೈಗೆ ಹಾಕುತ್ತಿದ್ದರು. ಅಜ್ಜಿ ಮೂಗು ಸೊಟ್ಟ ಮಾಡಿದರು, ಮಗು ಭುಜ ಕುಣಿಸಿ ನಕ್ಕಿತು, ಸದ್ದಿಲ್ಲದೆ. ಒಬ್ಬರು ಹೇಳುವುದು, ಇನ್ನೊಬ್ಬರು ಕಾಯುವುದು, ಆಮೇಲೆ ಉತ್ತರ ಕೊಡುವುದು. ಎಂಟು ತಿಂಗಳಿಂದ ನಾನು ಕನ್ನಡಿ ಹಿಡಿದು ಕಲಿಸಲು ಹೆಣಗುತ್ತಿದ್ದುದೆಲ್ಲ ಅಲ್ಲಿ ಹಿಟ್ಟಿನ ನಡುವೆ ನಡೆದಿತ್ತು. ಆದರೆ ಇಡೀ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಒಂದು ಮಾತಿಲ್ಲ.

ಒಳಗೆ ಹೋಗಿ ಕೂತೆ. "ಯಾಕವ್ವಾ, ಕೂಸಿನ ಕೂಡ ಒಂದೂ ಮಾತಾಡೂದಿಲ್ಲಲ್ಲ ನೀವು?"

ಪಾರ್ವತವ್ವ ಸೊಸೆಯ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಪಿಸುದನಿಯಲ್ಲಿ, "ಮಾತಾಡ್ಲೇನ್ರಿ ಈಗ?" ಎಂದು ನನ್ನ ಅಪ್ಪಣೆ ಕೇಳಿದರು.

"ಮಾತಾಡ್ರಿ" ಎಂದೆ.

"ನೀವ ಅಲ್ರೇನ್ರಿ ಬಾಯಾರ, ಕೂಸಿನ ಕಿವಿಗೆ ಕನ್ನಡ ಬೀಳಬಾರದು ಅಂದಾವ್ರು? ನನಗ ಮರಾಠಿ ಪ್ಯಾಟ್ಯಾಗ ಕಾಯಿಪಲ್ಯೆ ತರೂವಷ್ಟ ಬರ್ತೈತಿ. ಕೂಸಿನ ಮುಂದ ಏನ್ ಮಾತಾಡ್ಲಿ? ಬದನಿಕಾಯಿ ಹ್ಯಾಂಗ ಕೊಟ್ಟಿ ಅಂತ ಕೇಳ್ಲೇನು?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ನನ್ನ ಮಾತು ಆಕಿಗೆ ಅಡ್ಡ ಆಕ್ಕೈತಿ ಅಂದ್ರ ನಾ ಯಾಕ ಮಾತಾಡ್ಲಿ ಯವ್ವಾ? ಆಕಿ ಕಲೀಲಿ ಅಂತ ಬಾಯಿ ಮುಚ್ಚೇನಿ. ಭಾಳ ಹೊಟ್ಟಿ ಉಬ್ಬಿತಂದ್ರ ಹಿತ್ತಲಕ ಹೋಗಿ ಎಮ್ಮಿ ಕೂಡ ಮಾತಾಡಿ ಬರ್ತೇನಿ."

ನಾನು ಅಲ್ಲೇ ಅತ್ತುಬಿಟ್ಟೆ. ಹಿಂದೆ ಮುಂದೆ ನೋಡಲಿಲ್ಲ. ಮನೆಯವರ ಸಹಕಾರ ಕಡಿಮೆ ಎಂದು ಬರೆದಿದ್ದೆನಲ್ಲ, ಈ ಹೆಂಗಸು ಮೊಮ್ಮಗಳಿಗಾಗಿ ಎಂಟು ತಿಂಗಳು ತಮ್ಮ ಮನೆಯಲ್ಲೇ ಮೂಕಿಯಾಗಿ ಬದುಕಿದ್ದರು. ದಿನವಿಡೀ ಮಗುವಿನ ಜೊತೆ ಇರುವ ಒಂದೇ ಜೀವದ ಬಾಯಿ ನಾನು ಮುಚ್ಚಿಸಿದ್ದೆ. ಇನ್ನು ಮಾತು ಎಲ್ಲಿಂದ ಕಲಿಯಬೇಕು ಆ ಮಗು?

"ನನ್ನದ ತಪ್ಪಾತವ್ವಾ. ನಾ ಹೇಳಿದ್ದ ತಪ್ಪು" ಎಂದೆ.

ಪಾರ್ವತವ್ವ ಹೆಂಚಿನ ಮೇಲಿನ ರೊಟ್ಟಿ ಮಗುಚಿದರು. ಸಿಟ್ಟಾದವಳು ಸುನಂದಾ. ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ತಪ್ಪಾತು ಅಂದ್ರ ಆತೇನ್ರಿ? ನಮ್ಮ ಅತ್ತ್ಯಾರು ಮರತ ಒಂದು ಮಾತು ಆಡಿದ್ರ ನಾ 'ಶ್' ಅಂತಿದ್ದೆ. ಸೊಸಿ ಆಗಿ ಅತ್ತಿಗೆ ಶ್ ಅಂದೇನಿ! ಓಣಿ ಮಂದಿ ಏನ್ ಅಂದಾರ ಅಂತ ನಿಮಗ ಏನ್ ಗೊತ್ತು? ನೀವು ಗುರುವಾರಕ್ಕೊಮ್ಮೆ ಬಂದ್ರಿ, ಹ್ವಾದ್ರಿ."

ಬೈಸಿಕೊಂಡೆ. ಬೈಸಿಕೊಳ್ಳಬೇಕಾದದ್ದೇ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಪ್ರಶ್ನೆ ತಲೆ ತಿನ್ನುತ್ತಿತ್ತು. ಸಾಹೇಬರಿಗೇನೋ ಕನ್ನಡ ಗೊತ್ತಿಲ್ಲ, ಪುಸ್ತಕದಲ್ಲಿದ್ದುದನ್ನು ಹೇಳಿದರು. ನನಗೇಕೆ ಹೊಳೆಯಲಿಲ್ಲ? ನಾನು ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಹುಟ್ಟಿದವಳು. ಮನೆಯಲ್ಲಿ ಅವ್ವನ ಜೊತೆ ಕನ್ನಡ, ಅಂಗಡಿಯಲ್ಲಿ ಅಪ್ಪನ ಗಿರಾಕಿಗಳ ಜೊತೆ ಮರಾಠಿ. ಎರಡರಲ್ಲೂ ಜಗಳವಾಡಿ ಬೆಳೆದವಳು, ಯಾವ ಗೊಂದಲಕ್ಕೂ ಬೀಳಲಿಲ್ಲ. ನನ್ನ ಬದುಕೇ ಆ ನಿಯಮಕ್ಕೆ ವಿರುದ್ಧವಿದ್ದರೂ ನಾನದನ್ನು ಯಾಕೆ ಅಷ್ಟು ಸಲೀಸಾಗಿ ನುಂಗಿದೆ?

ಹೇಳಿಬಿಡುತ್ತೇನೆ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವ್ವ ಒಂದು ದಿನ ಶಾಲೆಗೆ ಬಂದು ಬಾಗಿಲಲ್ಲಿ ನಿಂತು ಕನ್ನಡದಲ್ಲಿ ನನ್ನನ್ನು ಕೂಗಿ ಕರೆದಿದ್ದಳು. ಹುಡುಗಿಯರೆಲ್ಲ ಕಿಸಕ್ಕೆಂದರು. ನಾನು ಕೇಳಿಸದವಳ ಹಾಗೆ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತಿದ್ದೆ. ಆ ನಾಚಿಕೆ ಒಳಗೆಲ್ಲೋ ಉಳಿದಿತ್ತು. ದೊಡ್ಡವರು ಬಂದು ಕನ್ನಡ ಅಡ್ಡಿ ಎಂದಾಗ ಅದು ಹೌದ್ಹೌದು ಎಂದು ತಲೆಯಾಡಿಸಿತು. ಹೊಸದಾಗಿ ಈ ಕೆಲಸಕ್ಕೆ ಬರುವವರು ಮಗುವಿನ ಫೈಲು ತೆರೆಯುವ ಮೊದಲು ತಮ್ಮೊಳಗೆ ಕೂತ ಇಂಥದ್ದನ್ನು ಒಮ್ಮೆ ನೋಡಿಕೊಳ್ಳಬೇಕು.

ಮರುದಿನ ಸಾಹೇಬರ ಮುಂದೆ ನಿಂತು ನಡೆದದ್ದನ್ನೆಲ್ಲ ಮರಾಠಿಯಲ್ಲಿ ಹೇಳಿದೆ. ವಸತಿ ಶಾಲೆಯ ಅರ್ಜಿಗೆ ವರದಿ ಕೊಡುವುದಿಲ್ಲ, ಅಜ್ಜಿಯ ಜೊತೆ ಕನ್ನಡದಲ್ಲೇ ಮತ್ತೆ ಶುರುಮಾಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಮ್ಯಾಡಮ್, ಮರುಕ ಬೇರೆ, ಶಾಸ್ತ್ರ ಬೇರೆ ಎಂದರು. ಮೂರು ಮಾತಿದ್ದ ಮಗು ನಮ್ಮ ಶಾಸ್ತ್ರದಿಂದ ಸೊನ್ನೆಗೆ ಬಂದಿದೆ ಸರ್ ಎಂದೆ ನಾನು. ಅಷ್ಟು ಜೋರಾಗಿ ಅವರ ಮುಂದೆ ಎಂದೂ ಮಾತಾಡಿರಲಿಲ್ಲ. ಹೊರಗೆ ಕೂತಿದ್ದ ಪೋಷಕರೆಲ್ಲ ಇಣುಕಿ ನೋಡಿದರು.

ಕೊನೆಗೆ ಸಾಹೇಬರು ಒಂದು ಕರಾರು ಹಾಕಿದರು. ದಸರೆಯವರೆಗೆ ಆ ಶಾಲೆಯಲ್ಲಿ ಜಾಗ ಕಾಯ್ದಿಡಲು ಹೇಳುತ್ತೇನೆ. ಆಮೇಲೆ ಮಗುವನ್ನು ನಾನೇ ಪರೀಕ್ಷೆ ಮಾಡುತ್ತೇನೆ. ಆಗಲೂ ಹೀಗೇ ಇದ್ದರೆ ಸಹಿ ಹಾಕುತ್ತೇನೆ, ಅವತ್ತು ಕೋಣೆಯಲ್ಲಿ ನೀವು ಎದುರು ಮಾತಾಡಬಾರದು ಎಂದರು. ನಾನು ಒಪ್ಪಿಕೊಂಡೆ. ನಾಲ್ಕೂವರೆ ತಿಂಗಳಿತ್ತು.

ಕನ್ನಡಿ, ಪೀಪಿ, ಜಿರಾಫೆ ಎಲ್ಲವನ್ನೂ ಕೇಂದ್ರದ ಕಪಾಟಿನಲ್ಲಿ ಇಟ್ಟು ಬಂದೆ. ನನ್ನ ಗುರುವಾರ ಪಾರ್ವತವ್ವನ ಅಡುಗೆಮನೆಗೆ ಸೇರಿತು. ಮೊದಲ ದಿನವೇ ಪೇಚಾಟ. ಎಂಟು ತಿಂಗಳು ಕಟ್ಟಿಟ್ಟಿದ್ದ ಮಾತು, ಅಪ್ಪಣೆ ಸಿಕ್ಕಿದ್ದೇ ತಡ, ಸುರಿದದ್ದೇ ಸುರಿದದ್ದು. "ನನ್ನ ಬಂಗಾರ, ನನ್ನ ಚಿನ್ನ, ನೀರ ಕೊಡು, ಅದಲ್ಲ ಈ ತಂಬಿಗಿ, ನೋಡ ಅಲ್ಲೆ ಬೆಕ್ಕ ಬಂತು, ಹಾಲ ಕುಡೀತೀ ಏನ, ಯಾಕ ಒಲ್ಲಿ?" ಮಗು ಬಾಯಿ ತೆರೆಯಲು ಸಂದಿಯೇ ಇಲ್ಲ.

"ಅವ್ವಾ, ಒಂದು ಮಾತು ಹೇಳ್ರಿ, ಸುಮ್ಮನಾಗ್ರಿ. ಮನಸ್ಸಿನ್ಯಾಗ ಹತ್ತು ಎಣಸ್ರಿ. ಆಕಿ ಸರದಿ ಅದು" ಎಂದೆ.

ಪಾರ್ವತವ್ವ ಸೊಂಟದ ಮೇಲೆ ಕೈಯಿಟ್ಟರು. "ಏನ್ರಿ ಬಾಯಾರ, ಮೊದಲ ಬಾಯಿ ಮುಚ್ಚು ಅಂದ್ರಿ. ಆಮ್ಯಾಲ ಮಾತಾಡು ಅಂದ್ರಿ. ಈಗ ಮಾತಾಡಿ ಮುಚ್ಚು ಅಂತೀರಿ. ನಿಮ್ಮ ಸಾಲ್ಯಾಗ ನೆಟ್ಟಗ ಒಂದ ಹೇಳಿ ಕೊಡೂದಿಲ್ಲೇನ?"

ಸುನಂದಾ ಅವತ್ತು ಮೊದಲ ಸಲ ನನ್ನೆದುರು ನಕ್ಕಳು. ನನಗೂ ಜೀವ ಬಂದಂತಾಯಿತು.

ಕಾಯುವುದನ್ನು ಪಾರ್ವತವ್ವ ರೊಟ್ಟಿಯಿಂದಲೇ ಕಲಿತರು. ಶ್ರಾವಣಿಗೆ ಒಂದು ಪುಟ್ಟ ಹಿಟ್ಟಿನ ಉಂಡೆ ಕೊಡುವುದು, ಆಕೆ ತನ್ನ ಪುಟ್ಟ ರೊಟ್ಟಿ ಬಡಿದು ಮುಗಿಸುವುದು, ಆಮೇಲೆ ಅಜ್ಜಿ ಎರಡನೆಯ ಉಂಡೆ ಎತ್ತಿ ಹಿಡಿದು "ಇನ್ನೊಂದ?" ಎಂದು ಕೇಳಿ ಸುಮ್ಮನಾಗುವುದು. ಹೆಂಚಿನ ಮೇಲಿನ ರೊಟ್ಟಿ ಸೀದು ಹೋದರೂ ಅಜ್ಜಿ ಬಾಯಿ ಬಿಡುತ್ತಿರಲಿಲ್ಲ. ಆ ಮನೆಯವರು ಮಳೆಗಾಲವೆಲ್ಲ ಸೀದ ರೊಟ್ಟಿ ತಿಂದರು. ಮಲ್ಲಪ್ಪ ಮಾತ್ರ, "ನಮ್ಮವ್ವ ಹತ್ತು ಎಣಸೂದಿಲ್ರಿ, ನೂರು ಎಣಸಾಕತ್ತಾಳ" ಎಂದು ಗೊಣಗುತ್ತಿದ್ದ.

ಮರಾಠಿಗೆ ಬಾಗಿಲು ಹಾಕಲಿಲ್ಲ. ಓಣಿಯ ಹುಡುಗಿಯರು ಶಾಲೆ ಬಿಟ್ಟ ಮೇಲೆ ಕಟ್ಟೆಗೆ ಬಂದು ಮರಾಠಿಯಲ್ಲಿ ಅರಚಾಡಿ ಆಡುತ್ತಿದ್ದರು, ಶ್ರಾವಣಿ ನಡುವೆ ಕೂತಿರುತ್ತಿದ್ದಳು. ಸುನಂದಾ ತನಗೆ ತೋಚಿದ ಭಾಷೆಯಲ್ಲಿ ಮಾತಾಡತೊಡಗಿದಳು. ಯಾರೂ ಯಾರಿಗೂ ಶ್ ಅನ್ನಬಾರದು ಎಂಬುದೊಂದೇ ನಿಯಮ.

ಏಳನೆಯ ವಾರ, ನಾನು ಇಚಲಕರಂಜಿಯಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ಸುನಂದಾಳ ವಾಟ್ಸಾಪ್ ಬಂತು. ಧ್ವನಿ ಸಂದೇಶ. ಕಿವಿಗೆ ಹಿಡಿದೆ. ರೊಟ್ಟಿಯ ಸದ್ದು, ಅಜ್ಜಿಯ "ಇನ್ನೊಂದ?", ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹಾತಕಣಂಗಲೆಯ ರೇಲ್ವೆ ಗೇಟು ಬಿದ್ದಿತ್ತು, ಬಸ್ಸು ನಿಂತಿತ್ತು. ಆಮೇಲೆ ಸಣ್ಣ ದನಿಯಲ್ಲಿ, "ಇನ್ನ." ಅಷ್ಟೇ! ನಾನು ಸೀಟಿನಿಂದ ಎದ್ದೇಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯಿತು ತಾಯಿ ಎಂದಳು. ಆಕೆಯ ಕಿವಿಗೂ ಫೋನು ಹಿಡಿದೆ. ಆಕೆಗೆ ಏನು ತಿಳಿಯಿತೋ, ಮರಾಠಿಯಲ್ಲಿ "ಛಾನ್, ಛಾನ್", ಚೆಂದ ಚೆಂದ ಎಂದು ನನ್ನ ಬೆನ್ನು ಸವರಿದಳು.

ಅಲ್ಲಿಂದ ಎಲ್ಲ ಸಲೀಸಾಯಿತು ಎಂದು ತಿಳಿಯಬೇಡಿ. "ಇನ್ನ" ಬಂದ ಮೇಲೆ "ಆಯಿ" ತಿರುಗಿ ಬಂತು, "ಬ್ಯಾಡ" ಬಂತು, "ಎಮ್ಮಿ" ಬಂತು. ಆಮೇಲೆ ಐದು ವಾರ ಹೊಸದೊಂದು ಶಬ್ದವಿಲ್ಲ. ಗಣಪತಿ ಹಬ್ಬ ಹೋಯಿತು, ದಸರೆ ಹತ್ತಿರ ಬಂತು. ಒಂದು ಗುರುವಾರ ಹೋದರೆ ಪಡಸಾಲೆಯಲ್ಲಿ ಹೊಸ ಸ್ಟೀಲಿನ ಟ್ರಂಕು. ಮಲ್ಲಪ್ಪ ತಾನೇ ಬೀಗದ ಕೊಂಡಿ ವೆಲ್ಡ್ ಮಾಡಿ ತಂದಿದ್ದ. ಶ್ರಾವಣಿ ಅದರ ಮೇಲೆ ಕೂತು ಕಾಲು ಬಡಿಯುತ್ತಿದ್ದಳು.

"ಸಿಟ್ಟಾಗಬ್ಯಾಡ್ರಿ ಬಾಯಾರ. ಒಂದೊಂದ ಮಾತಿಗೆ ಸಾಲಿ ಆಕ್ಕೈತೇನ್ರಿ? ತಯಾರಿ ಇರ್ಲಿ ಅಂತ ತಂದೇನಿ" ಎಂದ. ಪಾರ್ವತವ್ವ ಆ ಟ್ರಂಕಿನ ಕಡೆ ನೋಡಲೇ ಇಲ್ಲ, ಹಿಟ್ಟು ನಾದುತ್ತಲೇ ಇದ್ದರು.

ದಸರೆ ಮುಗಿದ ಸೋಮವಾರ ನಾಲ್ವರೂ ಮುಂಜಾನೆಯ ಬಸ್ಸಿಗೆ ಕೊಲ್ಹಾಪುರಕ್ಕೆ ಬಂದರು. ಪಾರ್ವತವ್ವ ಇಳಕಲ್ ಸೀರೆ ಉಟ್ಟಿದ್ದರು. ಮಲ್ಲಪ್ಪನ ಕೈಯಲ್ಲಿ ಅರ್ಜಿ. ಸಾಹೇಬರ ಕೋಣೆಯಲ್ಲಿ ಒಂದು ಮೇಜು, ಕಾರ್ಡುಗಳು, ಮೇಜಿನ ಮೇಲೆ ಸ್ಟಾಪ್‌ವಾಚ್. ನಾನು ಮೂಲೆಯಲ್ಲಿ ತುಟಿ ಕಚ್ಚಿ ನಿಂತಿದ್ದೆ. ಪರೀಕ್ಷೆಯ ಹೊತ್ತಿಗೆ ಮಗು ಮತ್ತು ತಂದೆತಾಯಿ ಮಾತ್ರ ಒಳಗಿರಬೇಕು ಎಂಬುದು ಅವರ ಪದ್ಧತಿ. ಅವರು ಸೌಜನ್ಯದಿಂದಲೇ ಪಾರ್ವತವ್ವನಿಗೆ ಹೇಳಿದರು:

"ಆಜಿ, ತುಮ್ಹೀ ಜರಾ ಬಾಹೇರ್ ಥಾಂಬಾ."

ಸ್ವಲ್ಪ ಹೊರಗೆ ನಿಲ್ಲಿ ಎಂದು. ಪಾರ್ವತವ್ವ ಎದ್ದರು, ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲಿನ ಕಡೆ ತಿರುಗಿದರು. ಮೊಮ್ಮಗಳ ಒಳ್ಳೆಯದಕ್ಕೆ ಎಂದರೆ ಆ ಹೆಂಗಸು ಹೊರಗೂ ಹೋಗುತ್ತಿದ್ದರು, ಬಾಯಿಯನ್ನೂ ಮುಚ್ಚುತ್ತಿದ್ದರು. ನನಗೆ ಕೂಗಬೇಕೆನಿಸಿತು, ಆದರೆ ಎದುರು ಮಾತಾಡುವುದಿಲ್ಲ ಎಂದು ಒಪ್ಪಿಕೊಂಡು ಬಂದಿದ್ದೆ.

ಶ್ರಾವಣಿ ಕುರ್ಚಿಯಿಂದ ಜಾರಿದಳು. ಓಡಿಹೋಗಿ ಸೀರೆಯ ನಿರಿಗೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಆಯಿ, ಹೋಗಬ್ಯಾಡ."

ಆಕೆ ನಿರಿಗೆ ಬಿಡದೆ ಸಾಹೇಬರ ಕಡೆ ಕತ್ತು ತಿರುಗಿಸಿ, ಓಣಿಯ ಹುಡುಗಿಯರದೇ ಜಗಳದ ದನಿಯಲ್ಲಿ, "ಆಜೀ ಇಥಂಚ್!" ಎಂದಳು. ಅಜ್ಜಿ ಇಲ್ಲೇ.

ಅಜ್ಜಿಗೆ ಕನ್ನಡದಲ್ಲಿ, ಸಾಹೇಬರಿಗೆ ಮರಾಠಿಯಲ್ಲಿ. ಯಾರ ಜೊತೆ ಯಾವುದು ಎಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸುನಂದಾ ಬಾಯಿಗೆ ಸೆರಗು ಒತ್ತಿ ಬಿಕ್ಕತೊಡಗಿದಳು. ಸಾಹೇಬರು ಸ್ಟಾಪ್‌ವಾಚಿನ ಮೇಲಿಟ್ಟಿದ್ದ ಕೈ ತೆಗೆದರು. ಎದ್ದು, ತಮ್ಮ ಪಕ್ಕದ ಕುರ್ಚಿಯನ್ನು ತಾವೇ ಎಳೆದು ಮುಂದಿಟ್ಟು, "ಬಸಾ ಆಜಿ, ಬಸಾ" ಎಂದರು. ಪಾರ್ವತವ್ವನಿಗೆ ಕಣ್ಣೀರಿನಲ್ಲಿ ಕುರ್ಚಿ ಕಂಡಿತೋ ಇಲ್ಲವೋ, ನಿಂತೇ ಇದ್ದರು. ಶ್ರಾವಣಿ ಕುರ್ಚಿಯನ್ನು ಅಂಗೈಯಿಂದ ಬಡಿದಳು. "ಕುಂಡ್ರ ಆಯಿ."

ಅವತ್ತು ಕಾರ್ಡು ತೋರಿಸುವ ಪರೀಕ್ಷೆ ನಡೆಯಲಿಲ್ಲ. ಸಾಹೇಬರು ಅರ್ಜಿಯನ್ನು ಸಹಿಯಿಲ್ಲದೆ ಮಲ್ಲಪ್ಪನ ಕೈಗೆ ಕೊಟ್ಟರು, ಊರಿನ ಬಾಲವಾಡಿಗೇ ಹಾಕಿ ಎಂದರು. ಒಂದೇ ಭಾಷೆಯ ನಿಯಮವನ್ನು ಆಮೇಲೆ ಅವರು ಯಾರಿಗೂ ಹೇಳಲಿಲ್ಲ, ನನ್ನೆದುರು ಅದರ ಬಗ್ಗೆ ಮಾತೂ ತೆಗೆಯಲಿಲ್ಲ. ಶ್ರಾವಣಿ ಈಗ ಮರಾಠಿ ಶಾಲೆಯಲ್ಲಿದ್ದಾಳೆ. ಉದ್ದದ ಮಾತು ಇವತ್ತಿಗೂ ನಡುವೆ ತಡೆಯುತ್ತದೆ, ಆಕೆ ನಿಂತು ಮತ್ತೆ ಮುಂದುವರಿಸುತ್ತಾಳೆ.

ಅವತ್ತು ಆ ಕೋಣೆಯಲ್ಲಿ ಸಾಹೇಬರು ಪಾರ್ವತವ್ವನಿಗೆ ಒಂದೇ ಪ್ರಶ್ನೆ ಕೇಳಿದರು, ಮನೆಯಲ್ಲಿ ಮಗುವಿನ ಜೊತೆ ಏನು ಮಾತಾಡುತ್ತೀರಿ ಎಂದು. ಆ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಿದೆ. ಪಾರ್ವತವ್ವ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಶುರು ಮಾಡಿದರು. ರೊಟ್ಟಿ, ಎಮ್ಮೆ, ಬೆಕ್ಕು, ಸೊಸೆ, ಮಗ, ತವರುಮನೆ, ಬದನೆಕಾಯಿ, ಎಲ್ಲ ಬಂತು, ಎಲ್ಲ ಕನ್ನಡದಲ್ಲಿ. ಸಾಹೇಬರಿಗೆ ಒಂದಕ್ಷರ ತಿಳಿಯಲಿಲ್ಲ. ಹೊರಗೆ ಕೂತ ಪೋಷಕರು ಎರಡು ಸಲ ಬಾಗಿಲು ಬಡಿದರು. ನಮ್ಮಲ್ಲಿ ಒಬ್ಬರೂ ಆಕೆಯನ್ನು ತಡೆಯಲಿಲ್ಲ.